ಪದಚರ್ಚೆ: ಬೀಜಗಣಿತ ತಂತ್ರಾಂಶದ ‘ಸಿಂಪ್ಲಿಫೈ’ಗೆ ‘ಹಸನು ಮಾಡು’ ಅನ್ನಬಹುದೇ? ಜೊತೆಗೆ ‘ಅಸ್ಯೂಮ್’ ಮತ್ತು ‘ಸಾಲ್ವ್’

ಎಲ್ಲರಿಗೂ ನಮಸ್ಕಾರ.

ಬೀಜಗಣಿತದ ಲೆಕ್ಕ ಮಾಡುವ ಒಂದು ಮುಕ್ತ ತಂತ್ರಾಂಶದ ಹೊಸ ಆವೃತ್ತಿ ಬಂದಿದೆ. ಏನು ಹೊಸತು, ಯಾವ ಫಂಕ್ಷನ್ (ಒಂದೊಂದು ಲೆಕ್ಕದ ಕೆಲಸಕ್ಕೆ ಹೆಸರಿಟ್ಟು ಕೊಡುವ ಆಜ್ಞೆ) ಹೇಗೆ ಬದಲಾಗಿದೆ ಎಂದು ಹೇಳುವ ಪಟ್ಟಿಯೊಂದು ಅದರ ಜೊತೆಗಿದೆ. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಕ್ಕಾಲು ಪಾಲು ಮುಗಿದಿದೆ. ಆದರೆ ಕೆಲವು ಪದಗಳ ಹತ್ತಿರ ಬಂದಾಗಲೆಲ್ಲ ಕೈ ನಿಂತುಬಿಡುತ್ತದೆ. ಬರೆದು ಅಳಿಸಿ, ಮತ್ತೆ ಬರೆದು ಸಾಕಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಇಂಥ ತಂತ್ರಾಂಶ ಬಳಸದವರಿಗೆ ಎರಡು ಮಾತು. ಇದು ಕ್ಯಾಲ್ಕ್ಯುಲೇಟರ್ ಅಲ್ಲ. ಕ್ಯಾಲ್ಕ್ಯುಲೇಟರಿಗೆ 1 ÷ 3 ಕೊಟ್ಟರೆ 0.3333 ಅಂತ ಮೂರರ ಸಾಲು ತೋರಿಸುತ್ತದೆ. ಇದು ಅದನ್ನು ಮೂರನೇ ಒಂದು ಅಂತಲೇ ಇಟ್ಟುಕೊಳ್ಳುತ್ತದೆ. √2 ಕೊಟ್ಟರೆ √2 ಆಗಿಯೇ ಉಳಿಯುತ್ತದೆ. ಅಕ್ಷರವನ್ನು ಅಕ್ಷರವಾಗಿಯೇ ಇಟ್ಟುಕೊಂಡು, ನಾವು ಕಾಗದದ ಮೇಲೆ ಮಾಡುವ ಹಾಗೆ ಕೂಡುತ್ತದೆ, ಕಳೆಯುತ್ತದೆ, ಅಪವರ್ತಿಸುತ್ತದೆ, ಅನುಕಲನವನ್ನೂ ಮಾಡುತ್ತದೆ. 1968ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಮ್ಯಾಕ್ಸೈಮಾ ಈ ಸಾಲಿನ ಹಿರಿಯರಲ್ಲಿ ಒಂದು. ಇವತ್ತಿನ ಮ್ಯಾಕ್ಸಿಮಾ ಅದರ ಕುಡಿ. ಆಮೇಲೆ 1980ರಲ್ಲಿ ಮೇಪಲ್ ಕೆಲಸ ಶುರುವಾಯಿತು, 1988ರಲ್ಲಿ ಮ್ಯಾಥಮ್ಯಾಟಿಕಾ ಬಂತು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರಿಗೆ ಸಿಂಪೈ ಬಂತು. ಎಲ್ಲದರಲ್ಲೂ ಸಿಂಪ್ಲಿಫೈ ಎಂಬ ಹೆಸರಿನದೋ, ಅದೇ ಕೆಲಸ ಮಾಡುವುದೋ ಒಂದು ಫಂಕ್ಷನ್ ಇದ್ದೇ ಇರುತ್ತದೆ. ಜನ ಜಾಸ್ತಿ ಬಳಸುವುದೂ ಅದನ್ನೇ.

ಹೊಸ ಪಟ್ಟಿಯಲ್ಲಿ ನನ್ನನ್ನು ನಿಲ್ಲಿಸಿದ ಸಾಲು ಇದು. ಎಕ್ಸ್ ಬದಲು ‘ಕ’ ಅಂತ ಬರೆಯುತ್ತೇನೆ. “ಸಿಂಪ್ಲಿಫೈ ಇನ್ನು ಮುಂದೆ √(ಕ²) ಅನ್ನು ತಾನಾಗಿಯೇ ಕ ಎಂದು ಬದಲಿಸುವುದಿಲ್ಲ. ಕ ಧನ ಎಂಬ ಅಸಂಪ್ಷನ್ ಇದ್ದರೆ ಮಾತ್ರ ಬದಲಿಸುತ್ತದೆ.” ಒಂದೇ ಸಾಲಿನಲ್ಲಿ ಎರಡು ತೊಡಕು.

ಮೊದಲು ಸಿಂಪ್ಲಿಫೈ. ಶಾಲೆಯ ಗಣಿತ ಪುಸ್ತಕಗಳಲ್ಲಿ ‘ಸಂಕ್ಷೇಪಿಸಿ’ ಅಂತ ಓದಿದ ನೆನಪು ನಮ್ಮಲ್ಲಿ ಬಹಳ ಜನಕ್ಕೆ ಇದೆ. ‘ಸುಲಭ ರೂಪಕ್ಕೆ ತನ್ನಿ’ ಅಂತಲೂ ಇರುತ್ತಿತ್ತು. ಈಚೆಗೆ ‘ಸರಳೀಕರಿಸಿ’ ಹೆಚ್ಚಾಗಿದೆ. ಮೂರೂ ಒಳ್ಳೆಯ ಪದಗಳೇ. ಪರೀಕ್ಷೆಯ ಲೆಕ್ಕಕ್ಕೆ ಮೂರೂ ಸಾಕು. ಆದರೆ ತಂತ್ರಾಂಶ ಮಾಡುವ ಕೆಲಸಕ್ಕೆ ಹಚ್ಚಿ ನೋಡಿದರೆ ಒಂದೊಂದೂ ಒಂದೊಂದು ಕಡೆ ಜಾರುತ್ತದೆ.

ಸಂಕ್ಷೇಪ ಅಂದರೆ ಚಿಕ್ಕದು ಮಾಡುವುದು. ಸಿಂಪ್ಲಿಫೈ ಯಾವಾಗಲೂ ಚಿಕ್ಕದು ಮಾಡುತ್ತದೆಯೇ? ಇಲ್ಲ. 1 ÷ (3 + √2) ತೆಗೆದುಕೊಳ್ಳಿ. ಛೇದದಲ್ಲಿ ಕರಣಿ, ಅಂದರೆ √2, ಇದೆ. ಅದನ್ನು ಛೇದದಿಂದ ತೆಗೆದರೆ, ಅಂದರೆ ಅಕರಣೀಕರಿಸಿದರೆ, (3 − √2) ÷ 7 ಆಗುತ್ತದೆ. ಮೇಷ್ಟ್ರು ಇದನ್ನೇ ಸರಿಯಾದ ರೂಪ ಅನ್ನುತ್ತಾರೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎರಡನೆಯದು ಚಿಕ್ಕದೇನೂ ಆಗಿಲ್ಲ. ಸಿಂಪೈ ಮಾಡಿದವರಿಗೂ ಇದು ಗೊತ್ತು. ಅದಕ್ಕೇ ಅವರು ಒಂದು ಅಳತೆ ಇಟ್ಟಿದ್ದಾರೆ. ಉತ್ತರ, ಕೊಟ್ಟದ್ದರ 1.7 ಪಟ್ಟಿಗಿಂತ ಉದ್ದವಾದರೆ ಮಾತ್ರ ಅದನ್ನು ಬಿಟ್ಟು ಕೊಟ್ಟದ್ದನ್ನೇ ವಾಪಸ್ ಕೊಡುತ್ತದೆ. ನಾವು ಬೇರೆ ಹೇಳದಿದ್ದರೆ 1.7 ಅಂತಲೇ ಲೆಕ್ಕ. ಅಂದರೆ ಅಷ್ಟರ ತನಕ ಉದ್ದವಾದರೂ ಅದು ಸಿಂಪ್ಲಿಫೈ ಆದಂತೆಯೇ. ಇದಕ್ಕೆ ‘ಸಂಕ್ಷೇಪಿಸು’ ಅಂದರೆ ಓದುವವರಿಗೆ ತಪ್ಪು ಹೇಳಿದಂತಾಗುತ್ತದೆ, ಅಲ್ವಾ?

ಇನ್ನು ಸರಳ, ಸುಲಭ. ಯಾರಿಗೆ ಸರಳ? (ಕ¹⁰⁰ − 1) ÷ (ಕ − 1) ನೋಡಿ. ಭಾಗಿಸಿ ಬರೆದರೆ ಕ⁹⁹ + ಕ⁹⁸ ಅಂತ ಶುರುವಾಗಿ + ಕ + 1 ತನಕ ನೂರು ಪದಗಳ ಬಹುಪದೋಕ್ತಿ. ಕಣ್ಣಿಗೆ ಮೊದಲನೆಯದೇ ಸರಳ. ಆದರೆ ಕ = 1 ಹಾಕಿ ನೋಡಿ. ಮೊದಲನೆಯದು ಸೊನ್ನೆ ಭಾಗಿಸು ಸೊನ್ನೆ ಅಂತ ಕೈಚೆಲ್ಲುತ್ತದೆ. ಎರಡನೆಯದು ತಕರಾರಿಲ್ಲದೆ 100 ಕೊಡುತ್ತದೆ. ಯಾವುದು ಸುಲಭ ರೂಪ ಅನ್ನುವುದು ಮುಂದೆ ಅದರಿಂದ ಏನು ಮಾಡಬೇಕು ಅನ್ನುವುದರ ಮೇಲಿದೆ. ಕ² + 2ಕ + 1 ಕೊಟ್ಟರೆ ಸಿಂಪೈನ ಸಿಂಪ್ಲಿಫೈ ಅದನ್ನು ಹಾಗೇ ಬಿಡುತ್ತದೆ, (ಕ + 1)² ಮಾಡುವುದಿಲ್ಲ. ಅದು ಬೇಕಿದ್ದರೆ ಅಪವರ್ತಿಸುವ ಫಂಕ್ಷನ್ನನ್ನೇ ಕರೆಯಬೇಕು. ಹೊಸಬರು ಇಲ್ಲೇ ಮೊದಲು ಎಡವುವುದು. ‘ಸರಳೀಕರಿಸು ಅಂದೆ, ಮಾಡಲೇ ಇಲ್ಲ’ ಅನ್ನುತ್ತಾರೆ. ಅವರದ್ದು ತಪ್ಪಲ್ಲ, ಪದ ಅವರಿಗೆ ಹಾಗೆ ಮಾತು ಕೊಟ್ಟಿದೆ.

ಮ್ಯಾಥಮ್ಯಾಟಿಕಾ ಈ ‘ಸರಳ’ವನ್ನು ಅಳೆಯುವ ಬಗೆಯೂ ನೋಡುವಂಥದ್ದು. ಬೀಜೋಕ್ತಿಯನ್ನು ಕೊಂಬೆ ಕೊಂಬೆಯಾಗಿ ಹರಡಿದ ಮರ ಅಂತ ಇಟ್ಟುಕೊಂಡು, ತುದಿಯ ಎಲೆಗಳನ್ನು ಎಣಿಸುತ್ತದೆ. ದೊಡ್ಡ ಸಂಖ್ಯೆಗಳಿದ್ದರೆ ಸ್ವಲ್ಪ ಹೆಚ್ಚು ಅಂಕ ಹಾಕುತ್ತದೆ. ಹೆಚ್ಚುಕಡಿಮೆ ಅಷ್ಟೇ. ನನಗೆ ಈ ಎಲೆ ಎಣಿಸುವ ಮಾತು ತುಂಬಾ ಇಷ್ಟವಾಯಿತು. ಕನ್ನಡದಲ್ಲಿ ಬರೆದರೂ ಹಾಗೇ ನಿಲ್ಲುತ್ತದೆ.

ಈ ಗೊಂದಲ ಹೊಸದಲ್ಲ. ಮ್ಯಾಕ್ಸೈಮಾ ಕಟ್ಟಿದವರಲ್ಲಿ ಒಬ್ಬರಾದ ಜೋಯೆಲ್ ಮೋಸಸ್ 1971ರಲ್ಲೇ ಈ ಬಗ್ಗೆ ಒಂದು ಲೇಖನ ಬರೆದರು. ತಂತ್ರಾಂಶ ಮಾಡುವವರನ್ನು ಅವರು ರಾಜಕೀಯದ ಗುಂಪುಗಳ ಹಾಗೆ ವಿಂಗಡಿಸಿದರು. ಬಂದದ್ದನ್ನೆಲ್ಲ ಒಂದೇ ಅಚ್ಚಿಗೆ ಹಾಕುವವರು ಒಂದು ಕೊನೆಯಲ್ಲಿ. ಬಳಸುವವರು ಬರೆದದ್ದನ್ನು ಸುಮ್ನೆ ಮುಟ್ಟಬಾರದು ಅನ್ನುವವರು ಇನ್ನೊಂದು ಕೊನೆಯಲ್ಲಿ. ಅದಕ್ಕೂ ಮೊದಲು, 1968ರಲ್ಲಿ, ರಿಚರ್ಡ್‌ಸನ್ ಎಂಬ ಗಣಿತಜ್ಞರು ಇನ್ನೂ ಆಳದ ಮಾತು ತೋರಿಸಿದ್ದರು. ಸೈನ್, ಘಾತ, ನಿರಪೇಕ್ಷ ಬೆಲೆ (ಋಣ ಚಿಹ್ನೆ ಬಿಟ್ಟ ಬೆಲೆ) ಇವೆಲ್ಲ ಸೇರಿದ ಬೀಜೋಕ್ತಿಯೊಂದು ಸೊನ್ನೆಗೆ ಸಮವೋ ಅಲ್ಲವೋ ಅಂತ ಎಲ್ಲ ಸಂದರ್ಭದಲ್ಲೂ ಹೇಳಿಬಿಡುವ ವಿಧಾನ ಇರಲು ಸಾಧ್ಯವೇ ಇಲ್ಲ. ಸೊನ್ನೆಯನ್ನೇ ಗುರುತಿಸಲಾಗದ ಕಡೆ ‘ಅತಿ ಸರಳ ರೂಪ’ ಅಂತ ಯಾವುದನ್ನು ತೋರಿಸುವುದು?

ಇಷ್ಟೆಲ್ಲ ನೋಡಿದ ಮೇಲೆ ನನಗೆ ಹೊಳೆದದ್ದು ‘ಹಸನು’. ಹೊಲ ಹಸನು ಮಾಡುತ್ತೇವೆ, ಕಾಳು ಹಸನು ಮಾಡುತ್ತೇವೆ. ಹೊಲ ಹಸನಾದರೆ ಚಿಕ್ಕದಾಗುವುದಿಲ್ಲ. ಮುಂದಿನ ಕೆಲಸಕ್ಕೆ ತಯಾರಾಗುತ್ತದೆ. ಕಲ್ಲು, ಕಸ, ಗಂಟು ಹೋಗುತ್ತದೆ. ಸಿಂಪ್ಲಿಫೈ ಮಾಡುವುದೂ ಇಷ್ಟೇ ಅಲ್ಲವೇ? ಒಂದಕ್ಕೊಂದು ಹೊಡೆದುಹೋಗುವ ಪದಗಳನ್ನು ತೆಗೆಯುವುದು, ಛೇದ ಒಂದು ಮಾಡುವುದು, ಕರಣಿಯನ್ನು ಕೆಳಗಿನಿಂದ ಮೇಲಕ್ಕೆ ತರುವುದು. ‘ಈ ಬೀಜೋಕ್ತಿಯನ್ನು ಹಸನು ಮಾಡು’ ಅಂದರೆ ಉದ್ದದ ಬಗ್ಗೆಯೂ ಸುಲಭದ ಬಗ್ಗೆಯೂ ಸುಳ್ಳು ಭರವಸೆ ಇಲ್ಲ. ಎಷ್ಟು ಹಸನಾಯಿತು ಅಂತ ಕೇಳಲೂ ಬರುತ್ತದೆ. ಮ್ಯಾಥಮ್ಯಾಟಿಕಾದ ಫುಲ್‌ಸಿಂಪ್ಲಿಫೈಗೆ ‘ಪೂರ್ತಿ ಹಸನು’ ಅನ್ನಬಹುದು. ತ್ರಿಕೋನಮಿತಿಗೆ ಬೇರೆಯೇ ಫಂಕ್ಷನ್ ಇದ್ದಲ್ಲಿ ‘ತ್ರಿಕೋನಮಿತಿ ಹಸನು’ ಅನ್ನಬಹುದು.

ತೊಂದರೆಯೂ ಇದೆ, ಮುಚ್ಚಿಡುವುದಿಲ್ಲ. ನಾಮಪದ ಬೇಕಾದಾಗ ತಡವರಿಸುತ್ತೇನೆ. ‘ಹಸನುಗೊಳಿಸುವಿಕೆ’ ಉದ್ದವಾಯಿತು. ‘ಹಸನಿಕೆ’ ಕಿವಿಗೆ ಹೊಸತು. ಮತ್ತೆ, ಶಾಲೆಯಿಂದ ‘ಸಂಕ್ಷೇಪಿಸಿ’ ಕಲಿತು ಬಂದವರು ಇದನ್ನು ಗಣಿತದ ಪದ ಅಂತ ಒಪ್ಪುತ್ತಾರೆಯೇ ಗೊತ್ತಿಲ್ಲ. ನನ್ನ ಮನಸ್ಸು ಮಾತ್ರ ಹಸನಿನ ಕಡೆಗೇ ಇದೆ.

ಎರಡನೆಯದು ಅಸ್ಯೂಮ್, ಅಸಂಪ್ಷನ್. ಮೊದಲ ಕರಡಿನಲ್ಲಿ ‘ಕ ಧನ ಎಂದು ಊಹಿಸಿದರೆ’ ಅಂತ ಬರೆದಿದ್ದೆ. ಓದಿದ ಗೆಳೆಯರೊಬ್ಬರು ‘ಅದು ತಾನೇ ಊಹೆ ಮಾಡಿಕೊಳ್ಳುತ್ತದಾ?’ ಅಂತ ಕೇಳಿದರು. ನನಗೆ ಬೇಸರವಾಯಿತು, ಯಾಕೆಂದರೆ ವಿಷಯ ಪೂರಾ ತಿರುಗುಮುರುಗಾಗಿತ್ತು. ತಂತ್ರಾಂಶ ಏನನ್ನೂ ಊಹಿಸುವುದಿಲ್ಲ. ಊಹಿಸಬಾರದು ಅಂತಲೇ ಈ ಬದಲಾವಣೆ ಮಾಡಿರುವುದು.

ಯಾಕೆ ಅಂತ ನೋಡಿ. ಕ = −3 ಆದರೆ ಕ² = 9, ಅದರ ವರ್ಗಮೂಲ 3. ಉತ್ತರ −3 ಅಲ್ಲ. ಹಾಗಾಗಿ √(ಕ²) ಅಂದರೆ ಕ ಅನ್ನುವುದು ತಪ್ಪು. ಕ ವಾಸ್ತವ ಸಂಖ್ಯೆಯಾದರೆ ಅದರ ನಿರಪೇಕ್ಷ ಬೆಲೆ ಅನ್ನಬೇಕು. ಸಂಮಿಶ್ರ ಸಂಖ್ಯೆಯಾದರೆ ಅದೂ ತಪ್ಪು. ಕ ಜಾಗದಲ್ಲಿ −1ರ ವರ್ಗಮೂಲವನ್ನೇ ಇಟ್ಟು ನೋಡಿದರೆ ಗೊತ್ತಾಗುತ್ತದೆ. ನಾವು ಏನೂ ಹೇಳದಿದ್ದರೆ ಸಿಂಪೈ √(ಕ²) ಅನ್ನು ಮುಟ್ಟುವುದೇ ಇಲ್ಲ. ಕ ಧನ ಅಂತ ಮೊದಲೇ ಹೇಳಿದರೆ ಕ ಅನ್ನುತ್ತದೆ. ಮ್ಯಾಕ್ಸಿಮಾ ಇನ್ನೂ ಒಂದು ಹೆಜ್ಜೆ ಮುಂದೆ, ತಿರುಗಿ ನಮ್ಮನ್ನೇ ಕೇಳುತ್ತದೆ. ಕ ಘಾತ ನ ಇದರ ಅನುಕಲನ ಮಾಡು ಅಂದರೆ ‘ನ ಎಂಬುದು −1ಕ್ಕೆ ಸಮವೇ?’ ಅಂತ ನಿಂತು ಕೇಳುತ್ತದೆ. ಸಮವಾದರೆ ಉತ್ತರ ಲಾಗರಿಥಮ್, ಅಲ್ಲದಿದ್ದರೆ ಬೇರೆ. ಬೇರೆ ಕಡೆ ‘ಅ ಧನವೇ, ಋಣವೇ, ಸೊನ್ನೆಯೇ?’ ಅಂತ ಕೇಳುತ್ತದೆ. ಈ ಪ್ರಶ್ನೆ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ!

ನಾವು ಮಾತಿನಲ್ಲಿ ‘ಕ ಧನ ಅಂತ ಇಟ್ಕೊಳ್ಳಿ’ ಅನ್ನುತ್ತೇವೆ. ಬರಹದಲ್ಲಿ ‘ಕ ಧನವಾಗಿರಲಿ’. ಎರಡರಲ್ಲೂ ಊಹೆಯ ವಾಸನೆ ಇಲ್ಲ. ಕ್ರಿಯಾಪದಕ್ಕೆ ‘ಎಂದಿಟ್ಟುಕೋ’ ಸಾಕು ಅನಿಸುತ್ತದೆ. ಮ್ಯಾಕ್ಸಿಮಾದಲ್ಲಿ ಇದಕ್ಕೆ ಎದುರಾಗಿ ಫರ್ಗೆಟ್ ಅಂತಲೂ ಇದೆ. ಇಟ್ಟುಕೊಂಡದ್ದನ್ನು ‘ಮರೆತುಬಿಡು’. ಜೋಡಿ ಸರಿಹೋಯಿತು. ನಾಮಪದಕ್ಕೆ ನನಗೆ ರೇಖಾಗಣಿತ ನೆನಪಾಯಿತು. ಪ್ರಮೇಯ ಸಾಧಿಸುವಾಗ ‘ದತ್ತ’, ‘ಸಾಧನೀಯ’, ‘ಸಾಧನೆ’ ಅಂತ ಬರೆಯುತ್ತಿದ್ದೆವಲ್ಲ, ಆ ದತ್ತವೇ ಇದು. ‘ಕ ಧನ ಎಂಬ ದತ್ತ ಇದ್ದರೆ ಮಾತ್ರ’. ಅಡ್ಡಿ ಒಂದೇ, ಕಂಪ್ಯೂಟರ್ ಬರಹದಲ್ಲಿ ‘ದತ್ತಾಂಶ’ ಎಲ್ಲ ಕಡೆ ಇದೆ. ಎರಡೂ ಒಂದೇ ಪುಟದಲ್ಲಿ ಬಂದರೆ ಕಣ್ಣು ಮೋಸಹೋಗಬಹುದು. ‘ಷರತ್ತು’ ಅನ್ನೋಣವೆಂದರೆ ಅದು ಪ್ರೋಗ್ರಾಮಿನ ‘ಹೀಗಿದ್ದರೆ ಹಾಗೆ’ ಸಾಲುಗಳಿಗೆ ಆಗಲೇ ಹೋಗಿದೆ.

ಮೂರನೆಯದು ಸಾಲ್ವ್. ಇಲ್ಲಿ ಪದ ಇಲ್ಲ ಅಂತಲ್ಲ, ಒಂದೇ ಪದಕ್ಕೆ ಎರಡು ಕೆಲಸ. ಸಮೀಕರಣ ಬಿಡಿಸು ಅನ್ನುತ್ತೇವೆ. ಆವರಣ ಬಿಡಿಸು ಅಂತಲೂ ಅನ್ನುತ್ತೇವೆ. ಮೊದಲನೆಯದು ಸಾಲ್ವ್, ಎರಡನೆಯದು ಎಕ್ಸ್‌ಪ್ಯಾಂಡ್. ಗಂಟು ಬಿಡಿಸುವುದು, ಒಗಟು ಬಿಡಿಸುವುದು, ಬಿಡಿಸಿ ಹೇಳುವುದು, ಎಲ್ಲ ಒಂದೇ ಬೇರಿನವು. ಮಾತಿನಲ್ಲಿ ಗೊಂದಲವೇ ಆಗುವುದಿಲ್ಲ. ಆದರೆ ಫಂಕ್ಷನ್‌ಗಳ ಪಟ್ಟಿಯಲ್ಲಿ ಎರಡು ಕಡೆ ‘ಬಿಡಿಸು’ ಬಂದರೆ ಕಷ್ಟ. ಸಾಲ್ವ್‌ಗೆ ‘ಬಿಡಿಸು’ ಇಟ್ಟುಕೊಂಡು ಎಕ್ಸ್‌ಪ್ಯಾಂಡ್‌ಗೆ ‘ವಿಸ್ತರಿಸು’ ಅಂತ ಶಾಲೆಯ ಪದವನ್ನೇ ಬರೆದಿದ್ದೇನೆ. ಇದರಲ್ಲಿ ಬದಲಾವಣೆ ಬೇಕೆಂದು ಅನಿಸಿಲ್ಲ. ಅಪವರ್ತಿಸು, ಸಹಗುಣಕ, ಮಾತೃಕೆ ಇವನ್ನೂ ಹಾಗೇ ಬಿಟ್ಟಿದ್ದೇನೆ.

ಪಟ್ಟಿಯ ಉಳಿದ ಸಾಲುಗಳ ಬಗ್ಗೆ ಬೇಗ ಹೇಳುತ್ತೇನೆ. ಹಳೆಯ ಫಂಕ್ಷನ್ ಇನ್ನೂ ನಡೆಯುತ್ತದೆ, ಆದರೆ ಎಚ್ಚರಿಕೆ ಕೊಡುತ್ತದೆ, ಮುಂದೊಂದು ಆವೃತ್ತಿಯಲ್ಲಿ ಇರುವುದಿಲ್ಲ. ಇಂಗ್ಲಿಷಿನ ಡೆಪ್ರಿಕೇಟೆಡ್. ‘ಕೈಬಿಡಲಾಗಿದೆ’ ಅಂದರೆ ಆಗಲೇ ಹೋಯಿತು ಅಂದುಕೊಳ್ಳುತ್ತಾರೆ. ‘ಕೈಬಿಡಲಿರುವ’ ಅಂತ ಬರೆದೆ. ಕನ್ನಡದ ‘ಲಿರುವ’ ಇಷ್ಟು ಕೆಲಸವನ್ನು ಒಂದೇ ಪದದಲ್ಲಿ ಮಾಡುತ್ತದೆ. ‘ಈ ಫಂಕ್ಷನ್ ಈಗ ಅಸಮತೆಗಳನ್ನು ಬೆಂಬಲಿಸುತ್ತದೆ’ ಅಂತ ಬರೆಯಲು ನನಗೆ ಮನಸ್ಸಾಗಲಿಲ್ಲ. ಬೆಂಬಲಿಸುವುದು ಜನರನ್ನು, ನಿಲುವನ್ನು. ‘ಈಗ ಅಸಮತೆಗಳಿಗೂ ನಡೆಯುತ್ತದೆ’ ಅಂತ ಬದಲಿಸಿದೆ. ಹಾಗೇ ‘ಹಿಂತಿರುಗಿಸುತ್ತದೆ’ ಇದ್ದ ಕಡೆಯೆಲ್ಲ ‘ಕೊಡುತ್ತದೆ’. ಫಂಕ್ಷನ್ ಎಂಬುದನ್ನು ತಂತ್ರಾಂಶದ ಫಂಕ್ಷನ್ ಬಗ್ಗೆ ಹೇಳುವಾಗ ಹಾಗೇ ಇಟ್ಟು, ಗಣಿತದ್ದಾದರೆ ‘ಫಲನ’ ಅಂದಿದ್ದೇನೆ. ಎರಡೂ ಒಂದೇ ವಾಕ್ಯದಲ್ಲಿ ಬಂದಾಗ ಇದು ಉಪಕಾರವಾಯಿತು.

ಆ ತೊಡಕಿನ ಸಾಲು ಸದ್ಯಕ್ಕೆ ಹೀಗಿದೆ: “ಹಸನು ಮಾಡುವಾಗ ಇನ್ನು ಮುಂದೆ √(ಕ²) ತಾನಾಗಿ ಕ ಆಗುವುದಿಲ್ಲ, ಕ ಧನ ಎಂಬ ದತ್ತ ಇದ್ದರೆ ಮಾತ್ರ ಆಗುತ್ತದೆ.”

ಕನ್ನಡದಲ್ಲಿ ಗಣಿತ ಕಲಿಸುವವರು ಈ ಬಳಗದಲ್ಲಿದ್ದರೆ ದಯವಿಟ್ಟು ಬರೆಯಿರಿ. ತರಗತಿಯಲ್ಲಿ ಮಕ್ಕಳು ಬಾಯಲ್ಲಿ ಏನು ಹೇಳುತ್ತಾರೆ, ಸಂಕ್ಷೇಪವೋ ಸರಳವೋ, ಅದಲ್ಲದೆ ಬೇರೆ ಏನಾದರೂ ಇದೆಯೋ? ಹಸನು ಪದವನ್ನು ಹೊಲ, ಕಾಳು ಬಿಟ್ಟು ಬೇರೆ ಯಾವ ಕೆಲಸಕ್ಕೆ ನಿಮ್ಮಲ್ಲಿ ಬಳಸುತ್ತೀರಿ? ಅದಕ್ಕೊಂದು ಚಿಕ್ಕ ನಾಮಪದ ನಿಮ್ಮ ಮಾತಿನಲ್ಲಿ ಆಗಲೇ ಇದ್ದರೆ, ಅದೇ ನನಗೆ ಈಗ ಎಲ್ಲಕ್ಕಿಂತ ಬೇಕಾಗಿರುವುದು.