ಪದಚರ್ಚೆ: ಶಾಸಕರ ‘ಅಧಿಕೃತ ಖಾತೆ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಜನಪ್ರತಿನಿಧಿಗಳು ಸಾಮಾಜಿಕ ಜಾಲತಾಣಗಳನ್ನು ಬಳಸುವ ಬಗೆ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಅಧಿಕೃತ ಖಾತೆ’ ಎಂಬಲ್ಲಿಗೆ ಬಂದು ಬರಹ ನಿಂತಿದೆ.

‘ಖಾತೆ’ಯ ಗೊಂದಲ ಸಣ್ಣದು. ‘ಸಚಿವರ ಖಾತೆ ಬದಲು’ ಎಂಬ ಶೀರ್ಷಿಕೆ ಕಂಡರೆ ಗೃಹ ಹೋಗಿ ಕಂದಾಯ ಬಂತೆಂದು ಓದಿಕೊಳ್ಳುತ್ತೇವೆ. ‘ಸಚಿವರ ಖಾತೆ ಹ್ಯಾಕ್’ ಅಂದಾಗ ಮಾತ್ರ ಫೇಸ್‌ಬುಕ್ ನೆನಪಾಗುತ್ತದೆ. ‘ಎಕ್ಸ್ ಖಾತೆ’ ಎಂದು ಬರೆದರೆ ಅಷ್ಟಕ್ಕೇ ಮುಗಿಯಿತು.

ತೊಡಕಿರುವುದು ‘ಅಧಿಕೃತ’ದಲ್ಲಿ. ನಕಲಿಯಲ್ಲದ್ದು, ಅವರದೇ ಆದದ್ದು ಎಂಬುದು ಒಂದು ಅರ್ಥ. ಆ ಅರ್ಥದಲ್ಲಿ ಸಿನಿಮಾ ನಟರಿಗೂ ಅಧಿಕೃತ ಖಾತೆ ಇದೆ. ಹುದ್ದೆಗೆ ಸೇರಿದ್ದು ಎಂಬುದು ಇನ್ನೊಂದು. ಅಮೆರಿಕದ ಅಧ್ಯಕ್ಷ ಹುದ್ದೆಯ ಹೆಸರಿನಲ್ಲಿರುವ ಟ್ವಿಟರ್ (ಈಗಿನ ಎಕ್ಸ್) ಖಾತೆ ‘ಪೋಟಸ್’ 2017ರಲ್ಲಿ ಒಬಾಮಾ ಅವರಿಂದ ಟ್ರಂಪ್ ಅವರಿಗೆ ಹಸ್ತಾಂತರವಾಯಿತು. ಟ್ರಂಪ್ 2009ರಲ್ಲೇ ತೆರೆದಿದ್ದ ಖಾತೆ ಅವರ ಸ್ವಂತದ್ದು. ಮೊದಲ ಅರ್ಥದಲ್ಲಿ ಎರಡೂ ಅಧಿಕೃತವೇ! ಆದರೆ ಸರ್ಕಾರದ ನಿರ್ಧಾರಗಳು ಹೊರಬೀಳುತ್ತಿದ್ದದ್ದು ಹೆಚ್ಚಾಗಿ ಸ್ವಂತ ಖಾತೆಯಲ್ಲಿ. ಅಲ್ಲಿ ಟೀಕಾಕಾರರನ್ನು ಬ್ಲಾಕ್ ಮಾಡಿದ್ದು ಸಂವಿಧಾನಬಾಹಿರ ಎಂದು ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಹೇಳಿತು. (ಅವರು ಅಧಿಕಾರದಿಂದ ಇಳಿದ ಮೇಲೆ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು, ಅದು ಬೇರೆ ಮಾತು.)

ಮಿಸೌರಿ ರಾಜ್ಯದ ಶಾಸಕಿಯೊಬ್ಬರ ಪ್ರಕರಣದಲ್ಲಿ, 2021ರಲ್ಲಿ, ಇನ್ನೊಂದು ಮೇಲ್ಮನವಿ ನ್ಯಾಯಾಲಯ ಬೇರೆಯದೇ ತೀರ್ಪು ಕೊಟ್ಟಿತು. ಅದು ಚುನಾವಣಾ ಪ್ರಚಾರಕ್ಕೆ ತೆರೆದ ಖಾತೆ, ಗೆದ್ದ ಮೇಲೂ ಅದೇ ರೀತಿ ನಡೆದಿದೆ, ಹಾಗಾಗಿ ಬ್ಲಾಕ್ ಮಾಡಿದ್ದು ತಪ್ಪಲ್ಲ ಎಂದಿತು. ಆಮೇಲೆ 2024ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು, ಟೀಕಿಸಿದವರನ್ನು ಬ್ಲಾಕ್ ಮಾಡಿದ್ದ ಮಿಷಿಗನ್ ರಾಜ್ಯದ ನಗರಾಡಳಿತದ ಅಧಿಕಾರಿಯೊಬ್ಬರ ಫೇಸ್‌ಬುಕ್ ಪುಟದ ಬಗ್ಗೆ. ಮಗಳ ಫೋಟೊ, ಊರಿನ ಕೋವಿಡ್ ಸೂಚನೆ ಎಲ್ಲ ಒಂದೇ ಕಡೆ. ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ಅವರಿಗೆ ನಿಜಕ್ಕೂ ಇರಬೇಕು, ಆ ಪೋಸ್ಟಿನಲ್ಲಿ ಅದನ್ನು ಚಲಾಯಿಸುತ್ತಿರುವಂತೆ ತೋರಿರಬೇಕು. ಎರಡೂ ಕೂಡಿದರೆ ಮಾತ್ರ ಬ್ಲಾಕ್ ಮಾಡಿದ್ದು ಸರ್ಕಾರದ ಕೃತ್ಯ ಎನಿಸುತ್ತದೆ, ಸಂವಿಧಾನದ ಪ್ರಶ್ನೆ ಏಳುವುದು ಆಗಲೇ ಎಂದಿತು ಕೋರ್ಟು. ಅಂದರೆ ಖಾತೆಯ ಹಣೆಪಟ್ಟಿ ನೋಡಿದರೆ ಸಾಲದು, ಒಂದೊಂದು ಪೋಸ್ಟನ್ನೂ ನೋಡಬೇಕು. ಇಷ್ಟನ್ನೆಲ್ಲ ‘ಅಧಿಕೃತ’ ಎಂಬ ಒಂದೇ ಮಾತಿನಲ್ಲಿ ಬರೆಯಹೊರಟರೆ ಓದುಗರು ದಾರಿ ತಪ್ಪುವುದು ಖಂಡಿತ.

ನನಗೆ ಹೊಳೆದದ್ದು ‘ಪದನಿಮಿತ್ತ ಖಾತೆ’. ‘ಪದನಿಮಿತ್ತ ಸದಸ್ಯರು’ ಎಂದು ಹೇಗೂ ಬಳಕೆಯಲ್ಲಿದೆ: ಹುದ್ದೆ ಇರುವವರೆಗೆ ಮಾತ್ರ ಸದಸ್ಯತ್ವ. ಅರ್ಥ ಸರಿಯಾಗಿ ಕೂರುತ್ತದೆ, ಆದರೆ ಕಡತದ ವಾಸನೆ ಹೊಡೆಯುತ್ತದೆ. ‘ಹುದ್ದೆಯ ಖಾತೆ’ ಸರಳ, ನನ್ನ ಒಲವು ಅದರ ಕಡೆಗೇ. ನಕಲಿಯಲ್ಲದ್ದಕ್ಕೆ ‘ಅಸಲಿ ಖಾತೆ’ ಅನ್ನಬಹುದೇನೋ. ಸ್ವಂತದ್ದಕ್ಕೆ ‘ಖಾಸಗಿ ಖಾತೆ’ ಬೇಡ, ಹೊರಗಿನವರಿಗೆ ಕಾಣದಂತೆ ಬೀಗ ಹಾಕಿದ ಖಾತೆಗೂ ಅದೇ ಹೆಸರಿದೆ. ‘ಸ್ವಂತ ಖಾತೆ’ ಇರಲಿ. ಪಕ್ಷದವರು ನಡೆಸುವುದು ‘ಪ್ರಚಾರ ಖಾತೆ’.

ಇನ್ನೊಂದು. ‘ಬ್ಲಾಕ್’ ಬದಲು ಕೆಲವರು ‘ನಿರ್ಬಂಧಿಸಿದರು’ ಎಂದು ಬರೆಯುತ್ತಾರೆ. ‘ಶಾಸಕರು ಆತನ ಖಾತೆ ನಿರ್ಬಂಧಿಸಿದರು’ ಅಂದರೆ ಖಾತೆಯನ್ನೇ ಮುಚ್ಚಿಸಿದರೆಂದು ತಿಳಿಯುವುದಿಲ್ಲವೇ? ನಾನಂತೂ ‘ಬ್ಲಾಕ್ ಮಾಡಿದರು’ ಎಂದೇ ಉಳಿಸಿಕೊಂಡಿದ್ದೇನೆ.

ಸುದ್ದಿಮನೆಯಲ್ಲಿ ಇರುವವರು, ಕಾನೂನು ಅನುವಾದ ಮಾಡುವವರು ‘ಹುದ್ದೆಯ ಖಾತೆ’ಯನ್ನು ಒಪ್ಪುತ್ತೀರಾ? ಇದಕ್ಕಿಂತ ಒಳ್ಳೆಯ ಪದ ಆಗಲೇ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.