ಸಹಾಯ ಬೇಕು: ಮಾವನ ಬಯಾಪ್ಸಿ ರಿಪೋರ್ಟ್‌ನಲ್ಲಿ ಎರಡು ಹೆಸರು

ನಮಸ್ಕಾರ, ನಾವು ದಾವಣಗೆರೆಯವರು. ಸೋದರಮಾವನ ಕಂಕುಳಲ್ಲಿ ಗಂಟು ಎದ್ದಿತ್ತು. ನೋವಿಲ್ಲ, ಜ್ವರವಿಲ್ಲ. ಮೊದಲು ಸೂಜಿ ಹಾಕಿ ಪರೀಕ್ಷೆ ಮಾಡಿದಾಗ ‘ಏನಿಲ್ಲ, ಸೋಂಕಿನ ಗಂಟು’ ಅಂದರು. ಮಾತ್ರೆ ನುಂಗಿದರೂ ಕರಗಲಿಲ್ಲ. ಆಮೇಲೆ ಗಂಟನ್ನೇ ಪೂರ್ತಿ ತೆಗೆಸಿ ಬಯಾಪ್ಸಿಗೆ ಕೊಟ್ಟೆವು.

ರಿಪೋರ್ಟ್‌ನಲ್ಲಿ ‘ನೋಡ್ಯುಲರ್ ಲಿಂಫೋಸೈಟ್ ಪ್ರಿಡಾಮಿನೆಂಟ್ ಹಾಡ್ಕಿನ್ ಲಿಂಫೋಮಾ’ ಅಂತಿದೆ (ಲಿಂಫೋಮಾ ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್). ಅದರ ಕೆಳಗೇ ‘ಟಿ-ಸೆಲ್, ಹಿಸ್ಟಿಯೊಸೈಟ್ ರಿಚ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಇಲ್ಲವೆಂದು ಖಚಿತಪಡಿಸಿಕೊಳ್ಳಿ’ ಅನ್ನೋ ಸಾಲು.

ಡಾಕ್ಟರ್ ಹೇಳಿದ್ದು ಇಷ್ಟು: ಎರಡರಲ್ಲೂ ನಿಜವಾದ ಕ್ಯಾನ್ಸರ್ ಕಣಗಳು ಬೆರಳೆಣಿಕೆಯಷ್ಟು. ಅವು ಸಿಡಿ20 ಅನ್ನೋ ಗುರುತಿನ ಪ್ರೋಟೀನ್ ಇರುವ ದೊಡ್ಡ ಬಿ ಕಣಗಳು (ಬಿ, ಟಿ ಎರಡೂ ಬಿಳಿ ರಕ್ತಕಣದ ಬಗೆಗಳು), ನೋಡಲು ಪಾಪ್‌ಕಾರ್ನ್ ಥರ ಇರಬಹುದು. ಉಳಿದ ಗಂಟೆಲ್ಲ ಸುತ್ತ ಸೇರಿದ ಸಾಮಾನ್ಯ ರಕ್ಷಣಾ ಕಣಗಳೇ. ಆ ಸುತ್ತಲಿನ ಗುಂಪು ನೋಡಿಯೇ ಹೆಸರು ತೀರ್ಮಾನ ಆಗುತ್ತದಂತೆ. ಸಣ್ಣ ಬಿ ಕಣಗಳ ಉಂಡೆ, ಸಿಡಿ21 ಪರೀಕ್ಷೆಯಲ್ಲಿ ಕಾಣುವ ಆಧಾರ ಕಣಗಳ ಬಲೆ ಇದ್ದರೆ ಮೊದಲನೆಯದು. ಬರೀ ಟಿ ಕಣ, ಹಿಸ್ಟಿಯೊಸೈಟ್ (ಕಸ ನುಂಗುವ ರಕ್ಷಣಾ ಕಣ) ಹರಡಿಕೊಂಡಿದ್ದರೆ ಎರಡನೆಯದು. ಮೊದಲನೆಯದು ನಿಧಾನ, ಎರಡನೆಯದು ಜೋರು. ಚಿಕಿತ್ಸೆನೂ ಬೇರೆ, ಅದಕ್ಕೇ ಭಯ.

ನಮ್ಮ ರಿಪೋರ್ಟ್‌ನಲ್ಲಿ ಸಿಡಿ3, ಸಿಡಿ20, ಸಿಡಿ30 ಗುರುತಿನ ಪರೀಕ್ಷೆಗಳು ಇವೆ. ಸಿಡಿ21 ಮಾಡಿಯೇ ಇಲ್ಲ! ಲ್ಯಾಬ್‌ನಲ್ಲಿ ಕೇಳಿದರೆ ‘ಡಾಕ್ಟರ್ ಬರೆದುಕೊಡಲಿ’ ಅಂತಾರೆ. ಡಾಕ್ಟರ್ ‘ಲ್ಯಾಬ್‌ನವರು ಹೇಳಲಿ’ ಅಂತಾರೆ. ಮಾವ ಮಾತ್ರ ಸುಮ್ನೆ ಅಡಿಕೆ ತೋಟಕ್ಕೆ ಹೋಗಿಬರುತ್ತಿದ್ದಾರೆ.

ಪೆಥಾಲಜಿ ಗೊತ್ತಿರುವವರು ದಯವಿಟ್ಟು ಹೇಳಿ: ಗಂಟಿನ ತುಂಡು ಇಟ್ಟಿರುವ ಈಗಿನ ಮೇಣದ ಬ್ಲಾಕ್‌ನಲ್ಲೇ ಸಿಡಿ21 ಮಾಡಿಸಿದರೆ ಸಾಕಾ, ಇಲ್ಲ ಇನ್ನೊಂದು ಗಂಟು ತೆಗೆಸಬೇಕಾ? ಬ್ಲಾಕ್ ತಗೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ ಜೊತೆಗೆ ಏನೇನು ಒಯ್ಯಬೇಕು?