ಮುಖದ ನರದ ನೋವು ನಾಲ್ಕು ತಿಂಗಳಿಂದ ಮಾಯ, ಈಗ ಮಾತ್ರೆ ಬಿಡಬಹುದಾ?

ಖಡಕ್ ರೊಟ್ಟಿ (ಬಾಗಲಕೋಟೆ):

ಎಲ್ಲರಿಗೂ ನಮಸ್ಕಾರ ರೀ. ನನಗೆ 53 ವಯಸ್ಸು, ನವನಗರದಲ್ಲಿ ಇರುತ್ತೇನೆ, ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತೇನೆ. ಎರಡು ವರ್ಷದ ಹಿಂದೆ ಬೆಳಿಗ್ಗೆ ಹಲ್ಲುಜ್ಜುವಾಗ ಬಲಗಡೆ ದವಡೆಗೆ ಕರೆಂಟ್ ಹೊಡೆದ ಹಾಗಾಯಿತು. ಹತ್ತು ಸೆಕೆಂಡ್ ಇರಬಹುದು ಅಷ್ಟೇ. ಬ್ರಷ್ ಕೈಯಿಂದ ಬಿತ್ತು. ಹಲ್ಲಿನದೇ ಇರಬೇಕು ಅಂತ ಒಂದಕ್ಕೆ ರೂಟ್ ಕೆನಾಲ್ ಮಾಡಿಸಿದೆ, ನೋವು ಹೋಗಲಿಲ್ಲ, ಪಕ್ಕದ್ದನ್ನು ಕೀಳಿಸಿದೆ, ಆಗಲೂ ಹೋಗಲಿಲ್ಲ. ಮೂರನೆಯದನ್ನೂ ಕಿತ್ತುಬಿಡಿ ಅಂತ ನಾನೇ ಹೋಗಿ ಕೂತಿದ್ದೆ, ಆ ಡಾಕ್ಟರೇ ಇದು ಹಲ್ಲಿನದಲ್ಲ ಅಂತ ನರದ ಡಾಕ್ಟರ್ ಹತ್ರ ಕಳಿಸಿದರು. ಎಂಆರ್‌ಐ ಆಯಿತು. ಟ್ರೈಜೆಮಿನಲ್ ನ್ಯುರಾಲ್ಜಿಯಾ ಅಂದರು. ಮುಖದಿಂದ ಮಿದುಳಿಗೆ ಹೋಗುವ ನರದ ಬುಡಕ್ಕೆ ಒಂದು ರಕ್ತನಾಳ ತಾಗಿ ಒತ್ತುತ್ತಿದೆಯಂತೆ, ಅದಕ್ಕೇ ಮುಖಕ್ಕೆ ಗಾಳಿ ಸೋಕಿದರೂ ನರ ಕೂಗಿಕೊಳ್ಳುತ್ತದಂತೆ.

ಕಾರ್ಬಮಜೆಪಿನ್ 200 ದಿನಕ್ಕೆ ಮೂರು ಕೊಟ್ಟಿದ್ದಾರೆ. ಮೊದಲ ವಾರ ತಲೆ ಗಿರ್ ಅನ್ನುತ್ತಿತ್ತು, ಹಂಚಿನ ಮುಂದೆ ಕೂತರೆ ಎಲ್ಲಿ ಅದರ ಮೇಲೇ ಬೀಳುತ್ತೇನೋ ಅಂತ ಹೆದರಿಕೆ. ಆಮೇಲೆ ರೂಢಿಯಾಯಿತು. ಮೆಡಿಕಲ್ ಶಾಪ್ ಹುಡುಗ ಎಲ್ಲರ ಮುಂದೆ "ಇದು ಫಿಟ್ಸ್ ಮಾತ್ರೆ ಅಲ್ವಾ ಆಂಟಿ" ಅಂದುಬಿಟ್ಟ. ಮನೆಯಲ್ಲಿ ಲಗ್ನಕ್ಕೆ ಬಂದ ಮಗಳಿದ್ದಾಳೆ, ಈ ಮಾತು ಓಣಿ ತುಂಬ ಹೋದರೆ ಏನು ಮಾಡಲಿ ಹೇಳಿ. ಅಂದಿನಿಂದ ಬೇರೆ ಅಂಗಡಿಗೆ ಹೋಗುತ್ತೇನೆ.

ಈಗ ವಿಷಯ ಏನಂದರೆ, ಗಣಪತಿ ಕೂಡಿಸಿದ ವಾರದಿಂದ ನೋವು ಒಂದು ಸಲವೂ ಬಂದಿಲ್ಲ. ನಾಲ್ಕು ತಿಂಗಳಾಯಿತು. ಖುಷಿ ಪಡಬೇಕು, ಆದರೆ ಆಗುತ್ತಿಲ್ಲ. ಇನ್ನೂ ಎಡಗಡೆಯಲ್ಲೇ ಅಗಿಯುತ್ತೇನೆ, ಬಲಗಲ್ಲಕ್ಕೆ ನೀರು ಹಾಕುವುದಿಲ್ಲ, ದಿನಕ್ಕೆ ನೂರು ರೊಟ್ಟಿ ಬಡಿಯುವವಳು ನಾನೇ ಹಾಲಲ್ಲಿ ನೆನೆಸಿ ತಿನ್ನುತ್ತೇನೆ. ಕಾಯಿಲೆ ಹೋಗಿದೆಯಾ, ಮಾತ್ರೆ ಬಿಡಬಹುದಾ? ಇನ್ನೊಂದು, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಇದೆ, ತಂಗಿ ರಾತ್ರಿ ನಾಟಕಕ್ಕೆ ಕರೆಯುತ್ತಿದ್ದಾಳೆ. ಆ ಚಳಿಗಾಳಿಗೆ ಹೋಗಲೋ ಬೇಡವೋ?

ಗುಮ್ಮಟದೂರು (ವಿಜಯಪುರ):

ತಂಗೀ, ನನ್ನದು ಹನ್ನೊಂದು ವರ್ಷದ ಸಂಸಾರ ಇದರ ಜೊತೆ. ಬಸ್ ಕಂಡಕ್ಟರ್ ಆಗಿದ್ದೆ, ಈಗ ರಿಟೈರ್. ಈ ಕಾಯಿಲೆಗೆ ಅದಕ್ಕಿಂತ ಕೆಟ್ಟ ಕೆಲಸ ಇರಲಿಕ್ಕಿಲ್ಲ. ದಿನವಿಡೀ ಮಾತಾಡಬೇಕು, ಬಾಗಿಲಲ್ಲಿ ನಿಂತರೆ ಗಾಳಿ ನೇರ ಗಲ್ಲಕ್ಕೆ. "ಟಿಕೆಟ್" ಅನ್ನುವಾಗ ನಾಲಿಗೆ ಹಲ್ಲಿಗೆ ತಾಗಿದ್ದೇ ತಡ, ಸಿಡಿಲು. ಅರ್ಧ ಮಾತಿಗೆ ಬಾಯಿ ಹಿಡಿದುಕೊಂಡು ನಿಂತರೆ ಪ್ಯಾಸೆಂಜರ್ ಚಿಲ್ಲರೆ ಕೊಡದೆ ಇರಲಿಕ್ಕೆ ನಾಟಕ ಮಾಡ್ತಾನೆ ಅನ್ನುತ್ತಿದ್ದರು. ಒಂದು ಗಲ್ಲಕ್ಕೆ ಬ್ಲೇಡ್ ತಾಗಿಸಲಾಗದೆ ಒಂದೇ ಕಡೆ ಗಡ್ಡ ಬಿಟ್ಟುಕೊಂಡು ಡ್ಯೂಟಿ ಮಾಡಿದ್ದೇನೆ, ನಗಬೇಡಿ.

ಮೊದಲ ಸಲ ಅದು ಬಿಟ್ಟಿದ್ದು ಹದಿನಾಲ್ಕು ತಿಂಗಳು. ಆಗ ನಾನು ಒಂದು ಹರಕೆ ಹೊತ್ತಿದ್ದೆ, ಯಾರೋ ಕೊಟ್ಟ ತೈಲ ಹಚ್ಚುತ್ತಿದ್ದೆ, ಮಾತ್ರೆಯೂ ನಡೆದಿತ್ತು, ನಮ್ಮ ಅವ್ವ ಬೇರೆ ದೃಷ್ಟಿ ತೆಗೆದಿದ್ದಳು. ನೋವು ಹೋದ ಮೇಲೆ ಎಲ್ಲರೂ ನಮ್ಮಿಂದಲೇ ಗುಣ ಆಯಿತು ಅಂದರು. ತೈಲದವನು ಇನ್ನೆರಡು ಬಾಟಲಿ ಮಾರಿದ. ನಾನು ಮಾತ್ರೆ ಡಬ್ಬಿ ತೆಗೆದು ತಿಪ್ಪೆಗೆ ಒಗೆದೆ. ಸಂಕ್ರಮಣದಲ್ಲಿ ಸಿದ್ಧೇಶ್ವರ ಜಾತ್ರೆಗೆ ಬೀಗರು ಬಂದಿದ್ದರು, ಕುಸುರೆಳ್ಳು ಕೊಟ್ಟರು, ಬಾಯಿಗೆ ಹಾಕಿ ಕಟ್ ಅಂತ ಕಡಿದೆ ನೋಡಿ. ಬೀಗರ ಮುಂದೆ ನೆಲಕ್ಕೆ ಕೂತೆ.

ಎರಡನೇ ಸಲ ಎಂಟು ತಿಂಗಳು ಬಿಟ್ಟಿತು, ಮೂರನೇ ಸಲ ಬರೀ ಮೂರು ವಾರ. ಅದು ತನ್ನಷ್ಟಕ್ಕೆ ಹೋಗುತ್ತೆ, ತನ್ನಷ್ಟಕ್ಕೆ ಬರುತ್ತೆ, ಕೆಲವರಿಗೆ ವರ್ಷಗಟ್ಟಲೆ ಬರುವುದೇ ಇಲ್ಲ. ಅದಕ್ಕೇ ಹೇಳೋದು, ಅದು ಬಿಟ್ಟ ಹೊತ್ತಿನಲ್ಲಿ ಏನು ಮಾಡುತ್ತಿದ್ದರೂ ಅದೇ ಔಷಧ ಅನ್ನಿಸಿಬಿಡುತ್ತೆ, ಮೋಸ ಹೋಗಬೇಡಿ. ನೀವಾಗಿ ಮಾತ್ರೆ ಬಿಡಬೇಡಿ, ಡಾಕ್ಟರಿಗೆ ಕೇಳಿ.

ಜಾತ್ರೆಗೆ ಹೋಗಿ. ಮಫ್ಲರ್ ಬಿಗಿಯಾಗಿ ಸುತ್ತಬೇಡಿ, ಉಣ್ಣೆ ತಾಗಿಯೇ ಎಷ್ಟೋ ಸಲ ನನಗೆ ಶುರುವಾಗಿದೆ. ಸೆರಗು ಸಡಿಲವಾಗಿ ಹೊದ್ದುಕೊಳ್ಳಿ, ಬಸ್ಸಿನಲ್ಲಿ ಕಿಟಕಿ ಸೀಟು ಬೇಡ. ಈ ನಾಲ್ಕು ತಿಂಗಳು ಸುಮ್ನೆ ಕಳೆದಿರಲ್ಲ, ಅದಕ್ಕೆ ನನಗೆ ಕೆಟ್ಟದೆನಿಸಿತು.

ಕುಂದಾ (ಬೆಳಗಾವಿ):

ಅಕ್ಕಾರೇ, ನಮ್ಮದೇ ಮೆಡಿಕಲ್ ಶಾಪ್ ಇದೆ. ಆ ಹುಡುಗ ಹಾಗೆ ಅಂದಿದ್ದು ತಪ್ಪು. ಕಾರ್ಬಮಜೆಪಿನ್ ಫಿಟ್ಸಿಗೂ ಕೊಡುತ್ತಾರೆ ನಿಜ, ಆದರೆ ಈ ಮುಖದ ನೋವಿಗೆ 1960ರ ದಶಕದಿಂದ ಇದೇ ಮೊದಲ ಮಾತ್ರೆ. ಮಾಮೂಲಿ ನೋವಿನ ಗುಳಿಗೆ ಈ ನೋವಿಗೆ ಕೆಲಸ ಮಾಡುವುದಿಲ್ಲ, ಜನ ತಿಂಗಳುಗಟ್ಟಲೆ ಅದನ್ನೇ ನುಂಗಿ ಹೊಟ್ಟೆ ಕೆಡಿಸಿಕೊಂಡು ಬರುತ್ತಾರೆ.

ಒಮ್ಮೆಲೇ ನಿಲ್ಲಿಸಬಾರದು, ಮೆಲ್ಲಗೆ ಇಳಿಸಬೇಕು, ಎಷ್ಟು ಅಂತ ಡಾಕ್ಟರ್ ಹೇಳಬೇಕು. ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ದೀರಿ? ಈ ಮಾತ್ರೆಯಿಂದ ರಕ್ತದಲ್ಲಿನ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಯುವುದುಂಟು, ಇದೇ ಜಾತಿಯ ಆಕ್ಸ್‌ಕಾರ್ಬಜೆಪಿನ್ ಮಾತ್ರೆ ಆದರೆ ಇನ್ನೂ ಜಾಸ್ತಿ. ಸುಸ್ತು, ಗೊಂದಲ, ತೂರಾಡಿದ ಹಾಗೆ ಆಗುತ್ತೆ, ವಯಸ್ಸಾಯಿತು ಅಂತ ಸುಮ್ಮನಿರುತ್ತಾರೆ. ಲಿವರ್, ಬಿಳಿ ರಕ್ತಕಣ ಕೂಡ ನೋಡಿಸಬೇಕು. ಮೈಮೇಲೆ ಕೆಂಪು ಗಂಧೆ ಎದ್ದರೆ, ಬಾಯಲ್ಲಿ ಹುಣ್ಣಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮಲಪ್ರಭಾ (ಬೆಳಗಾವಿ ಜಿಲ್ಲೆ):

ನಮ್ಮ ಅವ್ವನಿಗೆ ಆಪರೇಷನ್ ಆಗಿದೆ, ಆರು ವರ್ಷ ಆಯಿತು. ಮಾತ್ರೆ ಡೋಸ್ ಏರಿಸುತ್ತಾ ಹೋಗಿ ಕಡೆಗೆ ಅವಳು ದಿನವೆಲ್ಲ ನಿದ್ದೆಗಣ್ಣಲ್ಲಿ ಇರುತ್ತಿದ್ದಳು, ಅದಕ್ಕೇ ಒಪ್ಪಿಕೊಂಡೆವು. ಕಿವಿ ಹಿಂದೆ ತಲೆಬುರುಡೆಗೆ ಸಣ್ಣ ಕಿಂಡಿ ಮಾಡಿ, ರಕ್ತನಾಳವನ್ನು ನರದಿಂದ ಸರಿಸಿ ನಡುವೆ ಟೆಫ್ಲಾನ್ ತುಣುಕು ಇಡುತ್ತಾರೆ. ನೋವು ಹೋಯಿತು, ಆ ಕಿವಿ ಸ್ವಲ್ಪ ಮಂದವಾಯಿತು, ಅದು ಆಗಬಹುದು ಅಂತ ಮೊದಲೇ ಹೇಳಿದ್ದರು. ತಲೆ ತೆರೆಯುವುದು ಬೇಡ ಅನ್ನುವವರಿಗೆ ಕೆನ್ನೆಯಿಂದ ಸೂಜಿ ಹಾಕಿ ನರ ಸುಡುವುದು, ಗಾಮಾ ನೈಫ್ ರೇಡಿಯೇಷನ್ ಇವೆ. ಅವುಗಳಲ್ಲಿ ಮುಖ ಜೋಮು ಹಿಡಿಯಬಹುದು, ಕೆಲವು ವರ್ಷಕ್ಕೆ ನೋವು ಮರಳುವುದೂ ಜಾಸ್ತಿ. ಗಾಮಾ ನೈಫ್‌ಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಹೋಗಬೇಕು.

ನಿಮಗೆ ಈಗ ಇದರ ಅವಸರ ಇಲ್ಲ ಅಕ್ಕಾರೇ. ಹೇಳಲು ಕಾರಣ ಬೇರೆ. ಅವ್ವ ಇವತ್ತಿಗೂ ಯಾರಾದರೂ ಮುತ್ತು ಕೊಡಲು ಬಂದರೆ ಆ ಗಲ್ಲ ಹಿಂದಕ್ಕೆ ಎಳೆಯುತ್ತಾಳೆ, ಮೊಮ್ಮಕ್ಕಳು ಬಂದರೂ ಅಷ್ಟೇ. ನೋವಿಲ್ಲದೆ ಆರು ವರ್ಷ ಆಗಿದೆ. ಅಜ್ಜಿಗೆ ನಾವು ಬೇಡ ಅಂತ ಸಣ್ಣವನು ಅಳುತ್ತಾನೆ. ನಿಮ್ಮ ಎಡಗಡೆ ಅಗಿಯುವುದು ಓದಿ ಅದೇ ನೆನಪಾಯಿತು.

ಖಡಕ್ ರೊಟ್ಟಿ (ಬಾಗಲಕೋಟೆ):

ಎಲ್ಲರಿಗೂ ಧನ್ಯವಾದ. ಡಾಕ್ಟರ್ ಹತ್ರ ಹೋಗಿ ಬಂದೆ. ಸೋಡಿಯಂ ಸ್ವಲ್ಪ ಕಡಿಮೆಯೇ ಬಂದಿದೆ, ಕುಂದಾ ಅವರೇ ನಿಮಗೆ ಪುಣ್ಯ ಬರಲಿ. ಎರಡು ವಾರಕ್ಕೊಮ್ಮೆ ಅರ್ಧ ಮಾತ್ರೆ ಇಳಿಸೋಣ, ನೋವು ಬಂದರೆ ಇಳಿಸುವುದನ್ನು ಅಲ್ಲೇ ನಿಲ್ಲಿಸಿ ಫೋನ್ ಮಾಡಿ ಅಂದರು.

ಜಾತ್ರೆಗೂ ಹೋಗಿದ್ದೆ. ನಾಟಕದಲ್ಲಿ ಒಬ್ಬ ಹಾಸ್ಯದವನು, ನಗಬಾರದು ಅಂತ ಗಲ್ಲ ಗಟ್ಟಿ ಮಾಡಿಕೊಂಡು ಕೂತಿದ್ದೆ, ಆಗಲಿಲ್ಲ, ಬಾಯಿಬಿಟ್ಟು ನಕ್ಕೆ. ಏನೂ ಆಗಲಿಲ್ಲ. ಮರುದಿನ ಶೇಂಗಾ ಹಿಂಡಿ ಹಚ್ಚಿ ಒಂದು ಖಡಕ್ ರೊಟ್ಟಿ ಬಲಗಡೆ ಹಾಕಿ ಕಟಕಟ ತಿಂದೆ, ಮಗಳು ಮುಂದೆ ಕೂತು ನೋಡುತ್ತಿದ್ದಳು.

ಆದರೆ ನಿನ್ನೆ ಮುಖ ತೊಳೆಯುವಾಗ ಒಮ್ಮೆ ಚುಳ್ ಅಂತು. ಒಂದೇ ಸಲ, ಕಣ್ಣು ಮಿಟುಕಿಸುವಷ್ಟು. ಹೌದೋ ಅಲ್ಲವೋ ಗೊತ್ತಾಗುತ್ತಿಲ್ಲ. ಅಣ್ಣಾರೇ, ನಿಮಗೂ ಹಾಗೆ ಆಗುತ್ತಿತ್ತಾ?

ಗುಮ್ಮಟದೂರು (ವಿಜಯಪುರ):

ಆಗುತ್ತಿತ್ತು ತಂಗೀ. ಎಷ್ಟೋ ಸಲ ಒಮ್ಮೆ ಚುಳ್ ಅಂದು ಮತ್ತೆ ತಿಂಗಳುಗಟ್ಟಲೆ ಸುಮ್ಮನಾಗಿದ್ದೂ ಇದೆ, ಅದರಿಂದಲೇ ಶುರುವಾಗಿದ್ದೂ ಇದೆ. ಕ್ಯಾಲೆಂಡರಿನಲ್ಲಿ ನಿನ್ನೆಯ ತಾರೀಖಿಗೆ ಒಂದು ಗುರುತು ಹಾಕಿ. ಮಾತ್ರೆ ಇನ್ನು ಇಳಿಸಬೇಡಿ, ಇವತ್ತೇ ಫೋನ್ ಮಾಡಿ ಕೇಳಿ. ಆ ರೊಟ್ಟಿ ನಮಗೂ ಎರಡು ಡಜನ್ ಕಳಿಸಲಿಕ್ಕೆ ಆಗುತ್ತಾ? ನನ್ನದು ಸದ್ಯ ಬಿಟ್ಟಿದೆ.